ಬೇರೆಯವರ ಹಾಡು, ತಮ್ಮ ದನಿ: ಮೂರು ಕವರ್ ಆಲ್ಬಮ್‌ಗಳನ್ನು ಪಕ್ಕಪಕ್ಕ ಇಟ್ಟು ಕೇಳಿದಾಗ

ದೊಡ್ಡ ರಾಕ್ ಬ್ಯಾಂಡೊಂದು ಆಲ್ಬಮ್ ಪೂರ್ತಿ ಬೇರೆಯವರ ಹಾಡು ಹಾಡಿದರೆ ಜನ ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸ್ವಂತ ಸರಕು ಮುಗಿದಿದೆ, ಅದಕ್ಕೇ ಈ ಕೆಲಸ ಅಂದುಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದು ಬ್ಯಾಂಡ್ ಏನನ್ನು ಕೇಳಿ ಬೆಳೆಯಿತು ಅನ್ನುವುದು ಇಲ್ಲಿ ಗೊತ್ತಾಗುವಷ್ಟು ಬೇರೆಲ್ಲೂ ಗೊತ್ತಾಗುವುದಿಲ್ಲ.

ಹಾಗಾಗಿ ಮೂರು ಆಲ್ಬಮ್‌ಗಳನ್ನು ಮೂಲ ಹಾಡುಗಳ ಜೊತೆ ಇಟ್ಟು ಕೇಳಿದೆ. ಮೆಟಾಲಿಕಾದ 'ಗ್ಯಾರೇಜ್ ಇಂಕ್' (1998), ಗನ್ಸ್ ಎನ್ ರೋಸಸ್‌ನ 'ದಿ ಸ್ಪಗೆಟ್ಟಿ ಇನ್ಸಿಡೆಂಟ್?' (1993), ರೇಜ್ ಅಗೇನ್‌ಸ್ಟ್ ದ ಮಷೀನ್‌ನ 'ರೆನೆಗೇಡ್ಸ್' (2000). ಮೊದಲು ಮೂಲ ಹಾಡು, ಹಿಂದೆಯೇ ಕವರ್. ಹೆಡ್‌ಫೋನ್ ಅದೇ, ವಾಲ್ಯೂಮೂ ಅದೇ. ನಾನು ನೋಡಿದ್ದು ಒಂದೇ ವಿಷಯ: ಮೂಲ ಗೊತ್ತಾದ ಮೇಲೂ ಕವರ್ ಕೇಳಬೇಕು ಅನ್ನಿಸುತ್ತದಾ?

ಮೊದಲು ಗನ್ಸ್ ಎನ್ ರೋಸಸ್. ಆಯ್ಕೆ ಚೆನ್ನಾಗಿದೆ. ದಿ ಡ್ಯಾಮ್ಡ್, ಯುಕೆ ಸಬ್ಸ್, ಡೆಡ್ ಬಾಯ್ಸ್, ಸ್ಟೂಜಸ್, ನ್ಯೂಯಾರ್ಕ್ ಡಾಲ್ಸ್, ಹೀಗೆ ಜಾಸ್ತಿ ಪಂಕ್, ಅಂದರೆ ಒರಟಾದ, ವೇಗದ ರಾಕ್. ಆದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸಿದ ಹಾಗೆ ಕೇಳುವುದಿಲ್ಲ. ಅದಕ್ಕೆ ಕಾರಣವೂ ಇದೆ. ಇದರ ಹೆಚ್ಚಿನ ಭಾಗ 'ಯೂಸ್ ಯುವರ್ ಇಲ್ಯೂಷನ್' ಆಲ್ಬಮ್‌ಗಳ ರೆಕಾರ್ಡಿಂಗ್ ಸಮಯದಲ್ಲೇ ಶುರುವಾಗಿತ್ತು. 1991ರಲ್ಲಿ ಗಿಟಾರಿಸ್ಟ್ ಇಝಿ ಸ್ಟ್ರಾಡ್ಲಿನ್ ಬ್ಯಾಂಡ್ ಬಿಟ್ಟ. ಅವನ ಗಿಟಾರ್ ಜಾಗದಲ್ಲಿ ಗಿಲ್ಬಿ ಕ್ಲಾರ್ಕ್ ಮತ್ತೆ ನುಡಿಸಿದ. ಪಂಕ್ ಹಾಡಿಗೆ ಇಂಥ ತೇಪೆ ಒಗ್ಗುವುದಿಲ್ಲ. ಒಂದು ಕಡೆ ಮಾತ್ರ ನನ್ನ ಮನಸ್ಸು ಕರಗಿತು. ಜಾನಿ ಥಂಡರ್ಸ್‌ನ 'ಯೂ ಕಾಂಟ್ ಪುಟ್ ಯುವರ್ ಆರ್ಮ್ಸ್ ಅರೌಂಡ್ ಎ ಮೆಮೊರಿ'. ಹಾಡಿದ್ದು ಬಾಸಿಸ್ಟ್ ಡಫ್ ಮೆಕೇಗನ್. ಅವನದು ದೊಡ್ಡ ಕಂಠವಲ್ಲ. ಆ ಹಾಡಿಗೆ ದೊಡ್ಡ ಕಂಠ ಬೇಕಾಗಿಯೂ ಇಲ್ಲ. ಇನ್ನು ಕೊನೆಯಲ್ಲಿ ಬಚ್ಚಿಟ್ಟಿರುವ ಹಾಡು ಕೊಲೆಗಡುಕ ಚಾರ್ಲ್ಸ್ ಮ್ಯಾನ್ಸನ್ ಬರೆದದ್ದು. ಅದನ್ನು ಹಾಕಬೇಕಾಗಿರಲಿಲ್ಲ. ನಾನು ಅದಕ್ಕೂ ಮುಂಚೆಯೇ ನಿಲ್ಲಿಸುತ್ತೇನೆ.

'ರೆನೆಗೇಡ್ಸ್' ದಾರಿ ಪೂರ್ತಿ ಬೇರೆ. ಇದು ಹೊರಬರುವ ಹೊತ್ತಿಗೆ ಗಾಯಕ ಝ್ಯಾಕ್ ಡಿ ಲಾ ರೋಚಾ ಬ್ಯಾಂಡ್ ಬಿಟ್ಟಾಗಿತ್ತು. ಆದರೂ ಹಾಡುಗಳಲ್ಲಿ ಒಡಕು ಕೇಳಿಸುವುದಿಲ್ಲ. ಇವರು ಹಾಡನ್ನು ಬಿಚ್ಚಿ ಹೊಸದಾಗಿ ಕಟ್ಟುತ್ತಾರೆ. ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1995ರಲ್ಲಿ ಅಕೂಸ್ಟಿಕ್ ಗಿಟಾರ್, ಹಾರ್ಮೋನಿಕಾ ಇಟ್ಟುಕೊಂಡು ಪಿಸುದನಿಯಲ್ಲಿ ಹಾಡಿದ 'ದ ಘೋಸ್ಟ್ ಆಫ್ ಟಾಮ್ ಜೋಡ್' ಇಲ್ಲಿ ಭಾರವಾದ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಮೇಲೆ ನಿಂತಿದೆ. ಮೂಲದಲ್ಲಿ ದಣಿವು, ಇಲ್ಲಿ ಸಿಟ್ಟು. ಎರಡೂ ಅದೇ ಸಾಲುಗಳಲ್ಲಿ ಮೊದಲೇ ಇದ್ದವು ಅನ್ನುವುದು ಎರಡನ್ನೂ ಒಟ್ಟಿಗೆ ಕೇಳಿದಾಗ ಹೊಳೆಯಿತು. ಮುಂದೆ 2014ರ 'ಹೈ ಹೋಪ್ಸ್'ನಲ್ಲಿ ಸ್ಪ್ರಿಂಗ್‌ಸ್ಟೀನ್ ಇದೇ ಬ್ಯಾಂಡಿನ ಗಿಟಾರಿಸ್ಟ್ ಟಾಮ್ ಮೊರೆಲ್ಲೊನನ್ನು ಜೊತೆಗಿಟ್ಟುಕೊಂಡು ಈ ಹಾಡನ್ನು ಎಲೆಕ್ಟ್ರಿಕ್ ಆಗಿ ಮತ್ತೆ ಹಾಡಿದ. ಕವರ್ ಮಾಡಿದವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇಕಾ?

ಅದಕ್ಕಿಂತಲೂ ನನಗೆ ಹಿಡಿಸಿದ್ದು 'ಬ್ಯೂಟಿಫುಲ್ ವರ್ಲ್ಡ್'. ಡಿವೋ ಬ್ಯಾಂಡಿನ ಮೂಲ ಹಾಡು ಸಿಂಥ್ ತುಂಬಿದ, ನಗುನಗುತ್ತಾ ಚುಚ್ಚುವ ಹಾಡು. ರೇಜ್ ಅದರ ಕುಣಿತವನ್ನೆಲ್ಲ ತೆಗೆದುಹಾಕಿದೆ. ಮೆಲ್ಲನೆಯ ಗಿಟಾರ್, ಕೂಗಾಟಕ್ಕೇ ಹೆಸರಾದ ಗಾಯಕನ ಮೆತ್ತಗಿನ ದನಿ. ಅಷ್ಟೇ. ಆದರೆ ಎಲ್ಲವೂ ಹೀಗೆ ಗೆದ್ದಿಲ್ಲ. ಎಂಸಿ5ರ 'ಕಿಕ್ ಔಟ್ ದ ಜ್ಯಾಮ್ಸ್' ಇಲ್ಲಿ ವೇಗ ಕಳೆದುಕೊಂಡಿದೆ. ವೇಗ ಹೋದರೆ ಆ ಹಾಡಿನಲ್ಲಿ ಉಳಿಯುವುದು ಕಮ್ಮಿ.

ಈಗ 'ಗ್ಯಾರೇಜ್ ಇಂಕ್'. ಮೂರರಲ್ಲಿ ನಿಜವಾದ ಸಂಕಲನ ಅಂದರೆ ಇದೇ. ಎರಡು ಡಿಸ್ಕ್, 27 ಟ್ರ್ಯಾಕ್. ಮೊದಲನೆಯದು 1998ರಲ್ಲಿ ನಿರ್ಮಾಪಕ ಬಾಬ್ ರಾಕ್ ಜೊತೆ ಮಾಡಿದ ಹೊಸ ಕವರ್‌ಗಳು. ಎರಡನೆಯದು 1984ರಿಂದ ಅಲ್ಲಲ್ಲಿ ಚದುರಿಹೋಗಿದ್ದ ಹಳೆಯವು. ಅವರದೇ 1987ರ ಕವರ್ ಇಪಿ (ಆಲ್ಬಮ್‌ಗಿಂತ ಚಿಕ್ಕ ರೆಕಾರ್ಡ್) ಮಾರುಕಟ್ಟೆಯಲ್ಲಿ ಸಿಗುತ್ತಲೇ ಇರಲಿಲ್ಲ. ಅದನ್ನೂ ಸಿಂಗಲ್‌ಗಳ ಬೆನ್ನಿಗಿದ್ದ ಹಾಡುಗಳನ್ನೂ ಒಂದೇ ಕಡೆ ಕೊಟ್ಟಿದ್ದೇ ದೊಡ್ಡ ಉಪಕಾರ.

ಹೆಸರು ಮಾಡಿದ್ದು ಮೊದಲ ಡಿಸ್ಕ್. 'ವಿಸ್ಕಿ ಇನ್ ದ ಜಾರ್'ಗೆ ಗ್ರ್ಯಾಮಿ ಕೂಡ ಬಂತು. ಅದು ಐರಿಷ್ ಜನಪದ ಹಾಡು, ಮೆಟಾಲಿಕಾ ಹಿಡಿದದ್ದು ಥಿನ್ ಲಿಝಿ ಬ್ಯಾಂಡಿನ ದಾರಿ. ಜೋರಾಗಿದೆ, ಖುಷಿಯಾಗಿದೆ. ಆದರೆ ಥಿನ್ ಲಿಝಿಯ ಗಾಯಕ ಫಿಲ್ ಲೈನಟ್ ದನಿಯಲ್ಲಿದ್ದ, ನಂಬಿದವಳೇ ಕೈಕೊಟ್ಟಳಲ್ಲ ಅನ್ನುವ ನೋವು ಇಲ್ಲಿ ಸಿಗುವುದಿಲ್ಲ. ಬಾಬ್ ಸೀಗರ್‌ನ 'ಟರ್ನ್ ದ ಪೇಜ್' ಮಾತ್ರ ಬೇರೆ ಮಟ್ಟದ್ದು. ಮೂಲದಲ್ಲಿ ಸ್ಯಾಕ್ಸೊಫೋನ್ ಅಳುತ್ತದೆ. ಇಲ್ಲಿ ಕರ್ಕ್ ಹ್ಯಾಮೆಟ್ ಅದೇ ರಾಗವನ್ನು ಸ್ಲೈಡ್ ಗಿಟಾರಿನಲ್ಲಿ ಎಳೆಯುತ್ತಾನೆ. ಊರೂರು ಸುತ್ತಿ ಸುಸ್ತಾದ ಸಂಗೀತಗಾರನ ಹಾಡು ಅದು. ಮೆಟಾಲಿಕಾದ ಗಾಯಕ ಹೆಟ್‌ಫೀಲ್ಡ್ ಬಾಯಲ್ಲಿ ಪೂರ್ತಿ ನಂಬುವ ಹಾಗಿದೆ. ನಿಕ್ ಕೇವ್‌ನ 'ಲವರ್‌ಮ್ಯಾನ್' ಮಾತ್ರ ಕೈಗೆ ಸಿಕ್ಕಿಲ್ಲ. ಅಲ್ಲಿನ ಭಯ ಗೊಣಗುವ ದನಿಯಲ್ಲಿತ್ತು, ಗಿಟಾರಿನ ಭಾರದಿಂದ ಅದು ಬರುವುದಿಲ್ಲ.

ನನ್ನ ಮತ ಎರಡನೇ ಡಿಸ್ಕಿಗೆ, ಅದರಲ್ಲೂ 1987ರ ಐದು ಟ್ರ್ಯಾಕ್‌ಗಳಿಗೆ. 1986ರಲ್ಲಿ ಸ್ವೀಡನ್‌ನ ಬಸ್ ಅಪಘಾತದಲ್ಲಿ ಮೆಟಾಲಿಕಾದ ಬಾಸಿಸ್ಟ್ ಕ್ಲಿಫ್ ಬರ್ಟನ್ ತೀರಿಹೋಗಿದ್ದ. ಅವನ ಜಾಗಕ್ಕೆ ಹೊಸದಾಗಿ ಬಂದ ಜೇಸನ್ ನ್ಯೂಸ್ಟೆಡ್ ಜೊತೆ ಮೊದಲು ಹೊರತಂದ ರೆಕಾರ್ಡ್ ಇದು. 'ಕ್ರ್ಯಾಶ್ ಕೋರ್ಸ್ ಇನ್ ಬ್ರೇನ್ ಸರ್ಜರಿ' ಶುರುವಾಗುವುದೇ ಅವನ ಬಾಸ್‌ನಿಂದ. ದಪ್ಪಗೆ, ಒರಟಾಗಿ, ಮುಂದೆ ಬಂದು ನಿಂತ ಬಾಸ್. ಮರುವರ್ಷದ '...ಆ್ಯಂಡ್ ಜಸ್ಟಿಸ್ ಫಾರ್ ಆಲ್'ನಲ್ಲಿ ಅದೇ ಬಾಸ್ ಹುಡುಕಿದರೂ ಕಿವಿಗೆ ಸಿಗುವುದಿಲ್ಲ. ನ್ಯೂಸ್ಟೆಡ್ ಏನು ಮಾಡಬಲ್ಲವನಾಗಿದ್ದ ಅಂತ ಗೊತ್ತಾಗಬೇಕಾದರೆ ಈ ಐದು ಟ್ರ್ಯಾಕ್ ಕೇಳಲೇಬೇಕು. ಹೊಳಪು ಕೊಡುವ ಗೋಜಿಗೆ ಇಲ್ಲಿ ಯಾರೂ ಹೋಗಿಲ್ಲ. ಕೊನೆಗೆ ಐರನ್ ಮೇಡನ್‌ನ 'ರನ್ ಟು ದ ಹಿಲ್ಸ್' ತುಣುಕನ್ನು ಸುಮ್ನೆ ಅಪಶ್ರುತಿಯಲ್ಲಿ ನುಡಿಸಿ ನಿಲ್ಲಿಸುತ್ತಾರೆ. ಒಬ್ಬ ಗೆಳೆಯ ಸತ್ತ ಮೇಲೆ ಮತ್ತೆ ಒಟ್ಟಿಗೆ ನುಡಿಸುವುದನ್ನು ಕಲಿಯುತ್ತಿರುವ ನಾಲ್ವರು ಹುಡುಗರು ನನಗಿಲ್ಲಿ ಕಾಣುತ್ತಾರೆ. 1995ರ ನಾಲ್ಕು ಮೋಟರ್‌ಹೆಡ್ ಹಾಡುಗಳಲ್ಲೂ ಅದೇ ಗುಣ ಇದೆ. ಮೋಟರ್‌ಹೆಡ್‌ನ ಗಾಯಕ ಲೆಮ್ಮಿಗೆ 50 ತುಂಬಿದ ಖುಷಿಗೆ ನುಡಿಸಿದ್ದು.

ಹಾಡಿನ ಕಟ್ಟಡವನ್ನೇ ಬದಲಿಸುವ ಜಾಣತನ ಬೇಕು ಅನ್ನುವವರಿಗೆ 'ರೆನೆಗೇಡ್ಸ್' ಸರಿ. ಗನ್ಸ್ ಎನ್ ರೋಸಸ್ ಆಲ್ಬಮ್‌ನಿಂದ ಎರಡು-ಮೂರು ಹಾಡು ಆರಿಸಿಕೊಂಡರೆ ಸಾಕು. 'ಗ್ಯಾರೇಜ್ ಇಂಕ್' ಮಾತ್ರ ಇಡಿಯಾಗಿ ಇಟ್ಟುಕೊಳ್ಳಿ, ಎರಡನೇ ಡಿಸ್ಕ್‌ನಿಂದಲೇ ಶುರು ಮಾಡಿ. ಅದರಲ್ಲಿರುವ 'ಸೋ ವಾಟ್' ಹಾಡಿನ ಪದಗಳು ಹೊಲಸು. ಅದು ಬಂದಾಗ ಮನೆಯ ಸ್ಪೀಕರ್ ಬಿಟ್ಟು ಹೆಡ್‌ಫೋನ್ ಹಾಕಿಕೊಳ್ಳಿ. ಆಮೇಲೆ ಬ್ರಿಟನ್ನಿನ ಡೈಮಂಡ್ ಹೆಡ್ ಬ್ಯಾಂಡಿನ 1980ರ 'ಲೈಟ್ನಿಂಗ್ ಟು ದ ನೇಷನ್ಸ್' ಹುಡುಕಿ. ಅದರ ಏಳು ಹಾಡುಗಳಲ್ಲಿ ನಾಲ್ಕು 'ಗ್ಯಾರೇಜ್ ಇಂಕ್'ನಲ್ಲೇ ಇವೆ. 'ಆ್ಯಮ್ ಐ ಈವಿಲ್?' ಎರಡೂ ಕಡೆ ಕೇಳಿದರೆ ಮೆಟಾಲಿಕಾ ರಿಫ್ ಕಟ್ಟುವುದನ್ನು ಯಾರ ಹತ್ತಿರ ಕಲಿಯಿತು ಅನ್ನುವುದು ಕಿವಿಗೇ ತಿಳಿಯುತ್ತದೆ.