ಯಾವ ಕೆಟ್ಟ ಪೊಲೀಸರನ್ನು ಮೊದಲು ಎದುರಿಸುವುದು?

ಮಳೆಗೆ ಲೋಕಲ್ ರೈಲು ನಿಂತು ಮುಂಬೈ ಬಳಿಯ ಡೊಂಬಿವಲಿಯ ಕೋಣೆಯಲ್ಲೇ ರಜೆ ಕಳೆಯಬೇಕಾದ ನಮ್ಮೂರ ಹುಡುಗರಿಗೆ ಈ ಮಾತು. ಬೇಲಿಯೇ ಎದ್ದು ಹೊಲ ಮೇಯುವ ಪೊಲೀಸರನ್ನು ವೈಜ್ಞಾನಿಕ ಕಲ್ಪನೆಯ, ಗುಂಡು ಹಾರಿಸುವ ಕಂಪ್ಯೂಟರ್ ಆಟದಲ್ಲಿ ನೋಡಬೇಕೆಂದರೆ 'ಹಾಫ್-ಲೈಫ್ 2' (2004) ಇದೆ, 'ಬಾರ್ಡರ್‌ಲ್ಯಾಂಡ್ಸ್ 2' (2012) ಇದೆ.

ಮೊದಲನೆಯದರ ಪೊಲೀಸನಿಗೆ ಹೆಸರೂ ಇಲ್ಲ, ಮುಖವೂ ಇಲ್ಲ, ಮುಖವಾಡವಷ್ಟೇ. ಆಟದ ಕಾಲ್ಪನಿಕ ನಗರ ಸಿಟಿ 17ರ ರೈಲು ನಿಲ್ದಾಣದಲ್ಲಿ ಅವನು ಬೇಕೆಂದೇ ಲಾಠಿಯಿಂದ ಖಾಲಿ ಡಬ್ಬಿಯೊಂದನ್ನು ಕೆಳಗೆ ಬೀಳಿಸಿ, ಎತ್ತು ಎನ್ನುತ್ತಾನೆ. ಎತ್ತಿ ಕಸದ ತೊಟ್ಟಿಗೆ ಹಾಕಿದರೆ ನಕ್ಕು ದಾರಿ ಬಿಡುತ್ತಾನೆ. ಅವನ ಮುಖಕ್ಕೇ ಎಸೆದರೆ ಅಟ್ಟಿಸಿಕೊಂಡು ಬರುತ್ತಾನೆ. ನಿಮ್ಮ ಕೈಯಲ್ಲಿ ಆಗ ಆಯುಧವೇ ಇರುವುದಿಲ್ಲ! ಅದೇ ನಿಲ್ದಾಣದಲ್ಲಿ ಒಬ್ಬ ನಾಗರಿಕ, ಒಂದು ಹೊತ್ತು ನೆಟ್ಟಗೆ ಊಟ ಸಿಗುವುದಾದರೆ ತಾನೂ ಈ ಪಡೆ ಸೇರಿಬಿಡುವೆ ಎಂದು ಗೊಣಗುತ್ತಾನೆ. ದರ್ಪ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಇಷ್ಟು ಚುಟುಕಾಗಿ ಹೇಳಿದ ಆಟ ನನಗಂತೂ ಬೇರೆ ಕಂಡಿಲ್ಲ.

ಎರಡನೆಯದರಲ್ಲಿ ಲಿಂಚ್‌ವುಡ್ ಊರಿನ ಶೆರಿಫ್, ಅಂದರೆ ಪೊಲೀಸ್ ಮುಖ್ಯಸ್ಥೆ, ನಿಶಾ, ಖಳನಾಯಕ ಹ್ಯಾಂಡ್ಸಮ್ ಜ್ಯಾಕ್‌ನ ಪ್ರೇಯಸಿ. ಕ್ರೌರ್ಯ ಬೇಕಾದಷ್ಟಿದೆ, ಆದರೆ ಎಲ್ಲವೂ ತಮಾಷೆಯ ಧಾಟಿಯಲ್ಲಿ; ಭಯ ಹುಟ್ಟುವುದಿಲ್ಲ. ಇದೇ ಸರಣಿಯ 2014ರ ಆಟ 'ದ ಪ್ರೀ-ಸೀಕ್ವೆಲ್'ನಲ್ಲಿ ಅವಳಾಗಿಯೇ ಆಡಬಹುದು.

ಕೋಣೆಯಲ್ಲಿ ನಾಲ್ವರಿದ್ದು ನಾಲ್ವರ ಬಳಿಯೂ ಲ್ಯಾಪ್‌ಟಾಪ್ ಇದ್ದರೆ ಎರಡನೆಯದನ್ನೇ ಕೊಳ್ಳಿ, ಒಟ್ಟಿಗೆ ಆಡಬಹುದು. ಒಬ್ಬರೇ ಇದ್ದು ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ಕಣ್ಣು ಮುಚ್ಚಿ 'ಹಾಫ್-ಲೈಫ್ 2' ತೆಗೆದುಕೊಳ್ಳಿ.