ಮೈಸೂರಿನಿಂದ ವಯನಾಡಿಗೆ: ಬಂಡೀಪುರವೋ, ಕುಟ್ಟವೋ?

ಗುಂಡ್ಲುಪೇಟೆ, ಬಂಡೀಪುರ ದಾಟಿ ಸುಲ್ತಾನ್ ಬತ್ತೇರಿ ಸೇರುವ ರಾಷ್ಟ್ರೀಯ ಹೆದ್ದಾರಿ 766 ಹಗಲಿನ ಪ್ರಯಾಣಕ್ಕೆ ನೇರವಾದ ದಾರಿ. ಆದರೆ ಅದು ಹುಲಿ, ಆನೆಗಳ ಮನೆಯನ್ನು ಸೀಳಿಕೊಂಡು ಹೋಗುತ್ತದೆ. ಕತ್ತಲಲ್ಲಿ ಹೆಡ್‌ಲೈಟಿನ ಬೆಳಕು ಕಣ್ಣಿಗೆ ಕುಕ್ಕಿದರೆ ಜಿಂಕೆ ನಡುರಸ್ತೆಯಲ್ಲೇ ಕಲ್ಲಾಗಿ ನಿಂತುಬಿಡುತ್ತದೆ. ವೇಗದಲ್ಲಿರುವ ಲಾರಿಗೆ ನಿಲ್ಲಲಾಗುವುದಿಲ್ಲ. ಅದಕ್ಕಾಗಿಯೇ 2009ರಿಂದ ಇಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಆಂಬುಲೆನ್ಸ್‌ನಂಥ ತುರ್ತು ವಾಹನಗಳಿಗೆ ಮತ್ತು ಬೆರಳೆಣಿಕೆಯ ಸರ್ಕಾರಿ ಬಸ್‌ಗಳಿಗಷ್ಟೇ ವಿನಾಯಿತಿ. ಈ ನಿಷೇಧ ಉಳಿಯಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹುಣಸೂರು, ಗೋಣಿಕೊಪ್ಪಲು, ಕುಟ್ಟದ ದಾರಿ ಸುತ್ತು. ಕಾಫಿ ತೋಟಗಳ ನಡುವೆ ತಿರುವುಗಳೂ ಹೆಚ್ಚು. ರಾತ್ರಿ ಹೊರಡಲೇಬೇಕಾದವರು ಇದನ್ನೇ ಹಿಡಿಯಿರಿ.

ಹಗಲಲ್ಲಿ ಬಂಡೀಪುರ ಹಾದರೆ ನಿಧಾನವಾಗಿ ಓಡಿಸಿ. ಕೋತಿಗಳಿಗೆ ಬಾಳೆಹಣ್ಣು ಎಸೆಯಬೇಡಿ. ಆ ಆಸೆಗೆ ರಸ್ತೆಗಿಳಿದ ಮರಿಗಳು ಚಕ್ರಕ್ಕೆ ಸಿಗುತ್ತವೆ.