ಕ್ಯಾನ್ ನೀರು, ಟೀ ಮೆಷಿನ್, ಬಟ್ಟೆ ಮೆಷಿನ್: ಯಾವುದಕ್ಕೆ ಕೈ ಹಾಕಬಹುದು?

ನಾಣ್ಯ ಹಾಕಿ ಬಳಸುವ ನೀರಿನ ಘಟಕ, ಟೀ ಮೆಷಿನ್, ಬಟ್ಟೆ ಒಗೆಯುವ ಮೆಷಿನ್, ಈ ಮೂರನ್ನೂ ಓಡಿಸಿ ನೋಡಿದವರಿಗೆ ಮೊದಲು ತಿಳಿಯುವುದು ಇಷ್ಟು: ‘ತಾನಾಗೇ ನಡೆಯುವ’ ಮೆಷಿನ್ ಯಾವುದೂ ಇಲ್ಲ. ದಿನಕ್ಕೆ ಎಷ್ಟು ಹೊತ್ತು ಕೈ ಬೇಡುತ್ತದೆ ಅನ್ನುವುದರ ಮೇಲೆಯೇ ಆಯ್ಕೆ. ಮೂರಕ್ಕೂ ಶತ್ರು ಒಂದೇ, ಬೋರ್‌ವೆಲ್ಲಿನ ಗಡಸು ನೀರು.

ನಮ್ಮ ಮೊದಲ ಮತ ನೀರಿನ ಘಟಕಕ್ಕೆ. ಗಂಟೆಗೆ 1000 ಲೀಟರ್ ಕೊಡುವ ಆರ್‌ಒ ಇದ್ದರೆ, 20 ಲೀಟರಿನ 150 ಕ್ಯಾನಿಗೆ ಮೂರು ಗಂಟೆ ಓಡಿಸಿದರೆ ಸಾಕು. ಕ್ಯಾನಿಗೆ 5 ರೂಪಾಯಿ ಎಂದಿಟ್ಟುಕೊಂಡರೆ 750 ರೂಪಾಯಿ. ಆದರೆ ಸಿಹಿನೀರಿನಷ್ಟೇ ಉಪ್ಪುನೀರೂ ಹೊರಬೀಳುತ್ತದೆ. ಆ 3000 ಲೀಟರನ್ನು ಎಲ್ಲಿಗೆ ಬಿಡುತ್ತೀರಿ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಚರಂಡಿ ಇಲ್ಲದ ಕಡೆ ಜಗಳ ಶುರುವಾಗುವುದೇ ಇಲ್ಲಿಂದ. ಮೆಷಿನ್ ಕೊಳ್ಳುವ ಮುಂಚೆ ನೀರನ್ನು ಲ್ಯಾಬಿಗೆ ಕೊಟ್ಟು ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ), ಗಡಸುತನ, ಫ್ಲೋರೈಡ್, ಕಬ್ಬಿಣದ ಪರೀಕ್ಷೆ ಮಾಡಿಸಿ. ಗಡಸುತನ ಜಾಸ್ತಿ ಇದ್ದು, ಸುಣ್ಣ ಕಟ್ಟದಂತೆ ತಡೆಯುವ ಆ್ಯಂಟಿಸ್ಕೇಲೆಂಟ್ ದ್ರವವನ್ನು ನೀರಿಗೆ ಬಿಡುವ ಡೋಸಿಂಗ್ ಪಂಪ್ ಕೆಟ್ಟು ನಿಂತರೆ ಮೆಂಬ್ರೇನಿಗೆ, ಅಂದರೆ ನೀರು ಸೋಸುವ ಪೊರೆಗೆ, ಸುಣ್ಣ ಕಟ್ಟುತ್ತದೆ. 5 ಮೈಕ್ರಾನ್ ಫಿಲ್ಟರ್ ಕಾರ್ಟ್ರಿಜ್ ಬದಲಿಸಲು ತಿಂಗಳು ಎಣಿಸಬೇಡಿ, ಅದರ ಹಿಂದು ಮುಂದಿನ ಪ್ರೆಶರ್ ಗೇಜ್ ನೋಡಿ. ಎರಡರ ನಡುವಿನ ಒತ್ತಡದ ವ್ಯತ್ಯಾಸ 1 ಕೆಜಿ (ಚದರ ಸೆಂ.ಮೀ.ಗೆ) ಹತ್ತಿರ ಬಂದರೆ ಬದಲಿಸಿ.

ಗಿರಾಕಿ ಬೈಯುವುದು ಬೇರೆ ಕಾರಣಕ್ಕೆ. ಅಗ್ಗದ ಕಾಯಿನ್ ಬಾಕ್ಸಿನಲ್ಲಿ ನಾಣ್ಯ ಬಿದ್ದೊಡನೆ ವಾಲ್ವ್ ಇಂತಿಷ್ಟು ಸೆಕೆಂಡು ತೆರೆದಿರುತ್ತದೆ, ಅಷ್ಟೆ. ಸಂಜೆ ಟ್ಯಾಂಕ್ ಇಳಿದಾಗ ಒತ್ತಡ ಕಡಿಮೆಯಾಗಿ ಕ್ಯಾನ್ ತುಂಬುವುದೇ ಇಲ್ಲ. ಲೀಟರ್ ಎಣಿಸುವ ಫ್ಲೋ ಸೆನ್ಸರ್ ಇರುವುದನ್ನೇ ತೆಗೆದುಕೊಳ್ಳಿ. 5 ರೂಪಾಯಿ ನಾಣ್ಯದಲ್ಲೂ ದಪ್ಪ ಬಿಳಿಯದು, ಹಳದಿಯದು ಎಂದು ಹಲವು ಬಗೆ. ಒಂದೊಂದನ್ನೂ ಬೇರೆಬೇರೆಯಾಗಿ ಹಾಕಿ ಮೆಷಿನ್ನಿಗೆ ಕಲಿಸಬೇಕು.

ಟೀ ಮೆಷಿನ್ನಿಗೆ ಬಂಡವಾಳ ಕಡಿಮೆ, ಕೈಕೆಲಸ ಹೆಚ್ಚು. ಕಪ್ಪಿಗೆ 14 ಗ್ರಾಂ ಪ್ರೀಮಿಕ್ಸ್ (ಹಾಲು, ಸಕ್ಕರೆ, ಟೀ ಬೆರೆಸಿದ ಪುಡಿ) ಬಿದ್ದರೆ ಕಿಲೋಗೆ 70 ಕಪ್. ಕಿಲೋ 300 ರೂಪಾಯಿ ಎಂದಿಟ್ಟುಕೊಂಡರೆ ಒಂದು ಕಪ್ಪಿನ ಪುಡಿಗೇ 4 ರೂಪಾಯಿ 30 ಪೈಸೆ. ಬಿಸಿನೀರಿನ ಹಬೆ ಪುಡಿ ಬೀಳುವ ಬಾಯಿಗೆ ಏರಿ ಅಲ್ಲಿ ಗಂಟು ಕಟ್ಟುತ್ತದೆ, ಮಳೆಗಾಲದಲ್ಲಂತೂ ಕೇಳಲೇಬೇಡಿ. ಆಮೇಲೆ ಕಪ್ಪಿಗೆ ಬರೀ ಬಿಸಿನೀರು. ರಾತ್ರಿ ಮಿಕ್ಸಿಂಗ್ ಬೌಲ್, ಕಲಕುವ ವಿಪ್ಪರ್ ಬಿಚ್ಚಿ ತೊಳೆದು ಒಣಗಿಸದಿದ್ದರೆ ಬೆಳಿಗ್ಗೆ ಹುಳಿವಾಸನೆ. ಪಕ್ಕದಲ್ಲಿ ದರ್ಶಿನಿಯ ಫಿಲ್ಟರ್ ಕಾಫಿ ಇದ್ದರೆ ಇದನ್ನು ಮರೆತುಬಿಡಿ. ಆಸ್ಪತ್ರೆ, ಗಾರ್ಮೆಂಟ್ಸ್ ಒಳಗೆ ಜಾಗ ಸಿಕ್ಕರೆ ನಡೆಯುತ್ತದೆ.

ಬಟ್ಟೆ ಮೆಷಿನ್ ಪಿಜಿಗಳ ನಡುವೆ ಮಾತ್ರ. ಡ್ರೈಯರ್ ಇಡುವುದಾದರೆ ತ್ರೀ ಫೇಸ್ ಕರೆಂಟ್ ಬೇಕಾಗಬಹುದು. ಬಿಸಿಲಿರುವಷ್ಟು ದಿನ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ, ತಾರಸಿಯೇ ಸಾಕು. ಇಲ್ಲಿನ ದೊಡ್ಡ ಕಾಟ ನೊರೆ. ಕೈಯಲ್ಲಿ ಒಗೆಯುವ ಪುಡಿಯನ್ನೇ ಫ್ರಂಟ್ ಲೋಡಿಗೆ ಸುರಿಯುತ್ತಾರೆ, ನೊರೆ ತುಂಬಿ ಪಂಪ್ ನೀರೆಳೆಯದೆ ಮೆಷಿನ್ ನಡುವೆಯೇ ನಿಲ್ಲುತ್ತದೆ. ಪುಡಿಯ ಡ್ರಾಯರಿಗೆ ಬೀಗ ಹಾಕಿ, ಲಿಕ್ವಿಡ್ಡನ್ನು ಸಣ್ಣ ಪಂಪಿನಿಂದ ನೀವೇ ಅಳೆದು ಬಿಡಿ. ವಾರಕ್ಕೊಮ್ಮೆ ಡ್ರೈನ್ ಫಿಲ್ಟರ್ ಬಿಚ್ಚಿ: ಹೇರ್‌ಪಿನ್, ಗುಂಡಿ, ಒಮ್ಮೊಮ್ಮೆ ನಿಮ್ಮ ನೀರಿನ ಘಟಕಕ್ಕೆ ಬೀಳಬೇಕಿದ್ದ 5 ರೂಪಾಯಿ.